ಬೇಳೆ ಬೇಯುವ ಹೊತ್ತು: ರಾಯಚೂರಿನ ಒಬ್ಬ ಟೀಚರ್ ಮತ್ತು ಸಂಜೆ ಐದೂವರೆಯ ಹಸಿವು

“ಐದೂವರಿಗೆ ಮನಿಗೆ ಬಂದಮ್ಯಾಲೆ ನನ್ನ ಕೈ ನನ್ನ ಮಾತು ಕೇಳಂಗಿಲ್ರಿ ಮೇಡಂ.”

ಹೋದ ವರ್ಷ ಜೂನ್‌ನಲ್ಲಿ, ಶಾಲೆ ಶುರುವಾದ ಹೊಸದರಲ್ಲಿ, ನನ್ನ ಹತ್ತಿರ ಬಂದ ಒಬ್ಬ ಟೀಚರ್ ಕುಳಿತ ತಕ್ಷಣ ಹೇಳಿದ ಮಾತು ಇದು. ರಾಯಚೂರಿನಲ್ಲಿ ಊಟದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಶುಗರ್, ತೂಕ, ಥೈರಾಯ್ಡ್ ಅಂತ ಬರುವವರೇ ಜಾಸ್ತಿ. ಬಂದವರೆಲ್ಲ ಏನು ತಿನ್ನಬೇಕು, ಏನು ಬಿಡಬೇಕು ಅಂತ ಕೇಳುತ್ತಾರೆ. ಈ ಟೀಚರ್ ಮಾತ್ರ ಗಡಿಯಾರದ ಹೊತ್ತು ಹೇಳಿದರು. ಮುಂದಿನ ಮೂರು ತಿಂಗಳಲ್ಲಿ ನಾವಿಬ್ಬರೂ ಕಲಿತದ್ದೆಲ್ಲ ಆ ಹೊತ್ತಿನ ಸುತ್ತಲೇ ಇದೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಊಟ, ಹೊತ್ತು, ಅಳತೆ ಇದ್ದದ್ದು ಇದ್ದ ಹಾಗೇ ಇವೆ.

ವಯಸ್ಸು 46. ಎತ್ತರ 154 ಸೆಂಟಿಮೀಟರ್, ತೂಕ 71 ಕಿಲೋ, ಸೊಂಟದ ಸುತ್ತಳತೆ 94 ಸೆಂಟಿಮೀಟರ್. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.1. ಇದು 5.7ರಿಂದ 6.4ರ ನಡುವೆ ಇದ್ದರೆ ಡಯಾಬಿಟಿಸ್ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಅಂತ ಅರ್ಥ. ಇವರ ತಾಯಿಗೂ ಶುಗರ್ ಇತ್ತು. ಥೈರಾಯ್ಡ್ ಸರಿ ಇತ್ತು, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಕೂಡ. ಕಿಡ್ನಿ ಹೇಗಿದೆ ಅಂತ ನೋಡದೆ ನಾನು ಯಾರ ಜೊತೆಗೂ ಪ್ರೋಟೀನ್ ಮಾತು ತೆಗೆಯುವುದಿಲ್ಲ. ಯಾವ ಮಾತ್ರೆಯೂ ತೆಗೆದುಕೊಳ್ಳುತ್ತಿರಲಿಲ್ಲ. ಮಾನ್ವಿ ರಸ್ತೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕೆಲಸ, ಬಸ್ಸಿನಲ್ಲಿ ಸುಮಾರು ಒಂದು ಗಂಟೆ ದಾರಿ. ಮನೆಯಲ್ಲಿ ಅಂಗಡಿ ನಡೆಸುವ ಗಂಡ, ಪಿಯುಸಿ ಓದುವ ಮಗ, ಅತ್ತೆ.

ಒಂದು ವಾರ ತಿಂದದ್ದನ್ನೆಲ್ಲ ಬರೆದುಕೊಂಡು ಬನ್ನಿ ಅಂದೆ. ಪಕ್ಕದಲ್ಲಿ ಆಗ ಎಷ್ಟು ಹಸಿವು ಇತ್ತು ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹಾಕಿ ಅಂತಲೂ ಹೇಳಿದೆ. ಟೀಚರ್ ಅಲ್ವಾ, ಇನ್ನೂರು ಪುಟದ ನೋಟ್‌ಬುಕ್‌ಗೆ ಸ್ಕೇಲ್ ಇಟ್ಟು ಗೆರೆ ಹೊಡೆದಿದ್ದರು. ಊಟ ನೀಲಿ ಪೆನ್ನಿನಲ್ಲಿ, ಹಸಿವು ಕೆಂಪಿನಲ್ಲಿ.

ಒಂದು ಮಂಗಳವಾರದ ಪುಟ ಹೀಗಿತ್ತು. ಬೆಳಿಗ್ಗೆ 7:40ಕ್ಕೆ ಒಂದು ತಟ್ಟೆ ಮಂಡಕ್ಕಿ ಒಗ್ಗರಣೆ, ಮೇಲೆ ಒಂದು ಚಮಚ ಪುಟಾಣಿ ಹಿಟ್ಟು, ಚಹಾ. ಹಸಿವು 4. ಹನ್ನೊಂದು ಗಂಟೆಗೆ ಏನೂ ತಿಂದಿಲ್ಲ, ಆದರೂ ಕೆಂಪಿನಲ್ಲಿ 5 ಅಂತ ಇದೆ. ಮಧ್ಯಾಹ್ನ 1:30ಕ್ಕೆ ಡಬ್ಬಿಯ ಚಿತ್ರಾನ್ನ, ಹಸಿವು 7. ಸಂಜೆ 5:40ಕ್ಕೆ ಓಣಿಯ ತುದಿಯ ಬಂಡಿಯಿಂದ ತಂದ ಮೂರು ಮಿರ್ಚಿ ಭಜ್ಜಿ, ಒಂದು ಹಿಡಿ ಮಂಡಕ್ಕಿ, ನಾಲ್ಕು ಬಿಸ್ಕತ್ತು, ಚಹಾ. ಹಸಿವು 9, ಅದರ ಕೆಳಗೆ ಎರಡು ಗೆರೆ. ರಾತ್ರಿ 9:45ಕ್ಕೆ ಎರಡು ಜೋಳದ ರೊಟ್ಟಿ, ಗಟ್ಟಿ ಬೇಳೆ, ಸ್ವಲ್ಪ ಅನ್ನ, ಮೊಸರು. ಮಲಗುವ ಮುಂಚೆ ಒಂದು ಲೋಟ ಹಾಲು. ರಾತ್ರಿ ಊಟದ ಪಕ್ಕ ಬರೆದಿದ್ದರು: “ಹಸಿವು 3. ಆದರೂ ಉಂಡೆ. ಎಲ್ಲರೂ ಕೂತಿದ್ದರು.”

ಆ ಸಾಲನ್ನು ನಾನು ಎರಡು ಸಲ ಓದಿದೆ. ಹಸಿವು 9 ಇದ್ದಾಗ ಸಿಕ್ಕದ್ದು ಭಜ್ಜಿ, ಬಿಸ್ಕತ್ತು. ಹಸಿವು 3ಕ್ಕೆ ಇಳಿದ ಮೇಲೆ ದಿನದ ಒಳ್ಳೆಯ ಊಟ.

ಪ್ರೋಟೀನ್ ಲೆಕ್ಕ ಹಾಕೋಣ ಅಂತ ಪೆನ್ನು ಹಿಡಿದೆವು. ಒಂದು ತಟ್ಟೆ ಒಗ್ಗರಣೆಗೆ ಬೀಳುವುದು 50 ಗ್ರಾಂ ಮಂಡಕ್ಕಿ, ಅದರಲ್ಲಿ ಮೂರೂವರೆ ಗ್ರಾಂ ಪ್ರೋಟೀನ್. ಪುಟಾಣಿ ಹಿಟ್ಟು, ಚಹಾದ ಹಾಲು ಸೇರಿಸಿದರೆ 7. ಚಿತ್ರಾನ್ನದ ಅಕ್ಕಿ, ಅದರಲ್ಲಿನ ನಾಲ್ಕು ಶೇಂಗಾ ಕಾಳು ಸೇರಿ 8. ಸಂಜೆಯದು ಸುಮಾರು 10, ಭಜ್ಜಿಯಲ್ಲಿ ಕಡಲೆ ಹಿಟ್ಟು ಇರುತ್ತದಲ್ಲ. ಆ ಭಜ್ಜಿ ಹೀರಿಕೊಂಡ ಎಣ್ಣೆಯ ಮಾತು ಬೇರೆ. ರಾತ್ರಿ ಎರಡು ರೊಟ್ಟಿಯಲ್ಲಿ 12, ಬೇಳೆಯಲ್ಲಿ 9, ಅನ್ನದಲ್ಲಿ 3, ಮೊಸರಿನಲ್ಲಿ 3, ಹಾಲಿನಲ್ಲಿ 6. ರಾತ್ರಿಯದೇ ಒಟ್ಟು 33.

ದಿನಕ್ಕೆ 58 ಗ್ರಾಂ ಆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ಕಿಲೋ ತೂಕಕ್ಕೆ 0.83 ಗ್ರಾಂ. ಇವರ 71 ಕಿಲೋಗೆ 59. ಅಂದರೆ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಸರಿಯೇ ಇದೆ. ಸುಮ್ನೆ ಒಟ್ಟು ನೋಡಿದ್ದರೆ ನಾನು ‘ಪ್ರೋಟೀನ್ ಪರವಾಗಿಲ್ಲ, ಭಜ್ಜಿ ಬಿಡಿ’ ಅಂತ ಬರೆದು ಕಳಿಸುತ್ತಿದ್ದೆ. ಅವರು ಎಂಟು ದಿನ ಬಿಟ್ಟು, ಒಂಬತ್ತನೇ ದಿನ ಮತ್ತೆ ಬಂಡಿಯ ಮುಂದೆ ನಿಲ್ಲುತ್ತಿದ್ದರು. ಹೊತ್ತಿನ ಪ್ರಕಾರ ಬಿಡಿಸಿ ನೋಡಿದಾಗ ಕಂಡದ್ದು ಬೇರೆ. ಬೆಳಿಗ್ಗೆಯಿಂದ ಸಂಜೆ ಮನೆ ಮುಟ್ಟುವವರೆಗೆ ಹತ್ತು ಗಂಟೆ, ಅಷ್ಟು ಹೊತ್ತಿಗೆ 15 ಗ್ರಾಂ. ಅದೂ ಬಹುತೇಕ ಅಕ್ಕಿ, ಮಂಡಕ್ಕಿಯದು. ಅಕ್ಕಿಯ ಪ್ರೋಟೀನ್‌ನಲ್ಲಿ ಲೈಸಿನ್ ಅನ್ನುವ ಭಾಗ ಕಡಿಮೆ, ಅದನ್ನು ತುಂಬುವುದು ಬೇಳೆ ಕಾಳು. ಬೇಳೆ ಕಾಳಿನ ದೊಡ್ಡ ಪಾಲು ರಾತ್ರಿಗೆ.

ಇನ್ನೊಂದು ವಿಷಯ ಟೀಚರೇ ಹೇಳಿದರು. ಅವರ ಶಾಲೆಯ ಮಕ್ಕಳಿಗೆ ಬೆಳಿಗ್ಗೆ ಹಾಲು ಸಿಗುತ್ತದೆ, 2013ರಿಂದ ಬಂದಿರುವ ಕ್ಷೀರಭಾಗ್ಯದ್ದು. ಮಧ್ಯಾಹ್ನ ಬಿಸಿಯೂಟದ ಜೊತೆ ಮೊಟ್ಟೆ. ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದದ್ದೇ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ. “ಹುಡುಗ್ರಿಗೆ ಮೊಟ್ಟಿ ಹಂಚಿ, ಅವರು ತಿನ್ನೋದು ನೋಡಿ, ಆಮ್ಯಾಲೆ ನಾನು ನನ್ನ ಚಿತ್ರಾನ್ನದ ಡಬ್ಬಿ ತೆಗೀತೀನ್ರಿ” ಅಂದರು. ಮಕ್ಕಳ ಪ್ರೋಟೀನ್ ಹಗಲಿಗೆ ಹಂಚಿದೆ. ಹಂಚಿದ ಟೀಚರ್‌ದು ರಾತ್ರಿಗೆ ಉಳಿದಿದೆ.

ಹೊತ್ತು ಯಾಕೆ ಮುಖ್ಯ

ಟೀಚರ್ ಒಂದು ವಿಡಿಯೋ ನೋಡಿ ಬಂದಿದ್ದರು. ಎದ್ದ ಅರ್ಧ ಗಂಟೆಯಲ್ಲಿ ಪ್ರೋಟೀನ್ ತಿನ್ನದಿದ್ದರೆ ಮೆಟಬಾಲಿಸಂ, ಅಂದರೆ ದೇಹ ಶಕ್ತಿ ಖರ್ಚು ಮಾಡುವ ಕೆಲಸ, ಮಲಗಿಬಿಡುತ್ತದೆ ಅಂತ ಅದರಲ್ಲಿ ಹೇಳಿದ್ದರಂತೆ. ಈ ಭಯವನ್ನು ಮೊದಲು ತೆಗೆಯಬೇಕಿತ್ತು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರು ವಾರ ಕೆಲವರು ಬೆಳಗಿನ ತಿಂಡಿ ತಿಂದರು, ಕೆಲವರು ಮಧ್ಯಾಹ್ನದವರೆಗೆ ಏನೂ ತಿನ್ನಲಿಲ್ಲ. ಸುಮ್ಮನೆ ಮಲಗಿದ್ದಾಗ ದೇಹ ಖರ್ಚು ಮಾಡುವ ಶಕ್ತಿ ಇಬ್ಬರಲ್ಲೂ ಬದಲಾಗಲಿಲ್ಲ. ತಿಂಡಿ ತಪ್ಪಿದರೆ ಮೆಟಬಾಲಿಸಂ ಮಲಗುವುದಿಲ್ಲ.

ಹಾಗಾದರೆ ಪ್ರೋಟೀನ್‌ಗೂ ಮೆಟಬಾಲಿಸಂಗೂ ಸಂಬಂಧವೇ ಇಲ್ವಾ? ಇದೆ. ತಿಂದದ್ದನ್ನು ಅರಗಿಸಲು ದೇಹ ಶಕ್ತಿ ಖರ್ಚು ಮಾಡುತ್ತದೆ. ಕೊಬ್ಬಿನ 100 ಕ್ಯಾಲೊರಿಗೆ ಆ ಖರ್ಚು ಹೆಚ್ಚೆಂದರೆ 3. ಅನ್ನ, ರೊಟ್ಟಿಯ ಪಿಷ್ಟಕ್ಕೆ 5ರಿಂದ 10. ಪ್ರೋಟೀನ್‌ಗೆ 20ರಿಂದ 30. ಈ ನಂಬರ್ ಹಿಡಿದುಕೊಂಡೇ ಅಂಗಡಿಯವರು ಪ್ರೋಟೀನ್ ಪುಡಿ ಮಾರುವುದು. ಟೀಚರ್ ಜೊತೆ ಅದರ ಲೆಕ್ಕವನ್ನೂ ಮಾಡಿದೆ. ದಿನಕ್ಕೆ ಐದು ಗ್ರಾಂ ಪ್ರೋಟೀನ್ ಜಾಸ್ತಿ ತಿಂದರೆ ಅದು 20 ಕ್ಯಾಲೊರಿ, ಅರಗಿಸಲು ಹೋಗುವುದು ನಾಲ್ಕರಿಂದ ಆರು. ಕಾಲು ಚಮಚ ಸಕ್ಕರೆಯಷ್ಟು. ಇದರಿಂದ ತೂಕ ಇಳಿಯುತ್ತದೆ ಅಂತ ನಾನು ಯಾರಿಗೂ ಹೇಳಲಾರೆ.

ದೊಡ್ಡ ವಿಷಯ ಹಸಿವಿನದು. ಪ್ರೋಟೀನ್ ಕರುಳಿಗೆ ಇಳಿದಾಗ ಅಲ್ಲಿಂದ ಜಿಎಲ್‌ಪಿ-1, ಪಿವೈವೈ ಅನ್ನುವ ಹಾರ್ಮೋನ್‌ಗಳು ಹೊರಡುತ್ತವೆ. ‘ಸಾಕು’ ಅನ್ನುವ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ಇವೇ. ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಹಸಿವು ಎಬ್ಬಿಸುವ ಗ್ರೆಲಿನ್ ತಗ್ಗಿರುತ್ತದೆ. ಈಗ ಹೆಸರು ಮಾಡಿರುವ ತೂಕ ಇಳಿಸುವ ಇಂಜೆಕ್ಷನ್‌ಗಳು ನಕಲು ಮಾಡುವುದು ಇದೇ ಜಿಎಲ್‌ಪಿ-1 ಕೆಲಸವನ್ನು. ಊಟದಿಂದ ಆಗುವ ಪರಿಣಾಮ ಅದಕ್ಕಿಂತ ಬಹಳ ಚಿಕ್ಕದು, ಕೆಲವು ಗಂಟೆಗಳದ್ದು. ಕೆಲವು ಗಂಟೆಗಳದ್ದು ಅನ್ನುವುದರಿಂದಲೇ ಹೊತ್ತು ಮುಖ್ಯವಾಗುತ್ತದೆ. ರಾತ್ರಿ ಹತ್ತಕ್ಕೆ ಉಂಡ ಬೇಳೆ ಮರುದಿನ ಸಂಜೆ ಐದೂವರೆಯ ಹಸಿವನ್ನು ಹಿಡಿದು ನಿಲ್ಲಿಸುವುದಿಲ್ಲ. ಆ ‘ಸಾಕು’ ನಿದ್ದೆಯಲ್ಲೇ ಕಳೆದುಹೋಗುತ್ತದೆ.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 2022ರಲ್ಲಿ ಬಂದ ಅಧ್ಯಯನ ಮೆಟಬಾಲಿಸಂ, ಹಸಿವು ಎರಡನ್ನೂ ಚೆನ್ನಾಗಿ ಬಿಡಿಸಿ ತೋರಿಸಿತು. ತೂಕ ಹೆಚ್ಚಿದ್ದ 30 ಜನಕ್ಕೆ ನಾಲ್ಕು ವಾರ ಬೆಳಿಗ್ಗೆ ದೊಡ್ಡ ಊಟ, ರಾತ್ರಿ ಚಿಕ್ಕದು. ಇನ್ನು ನಾಲ್ಕು ವಾರ ಅದೇ ತಿರುಗಾಮುರುಗಾ. ಶಕ್ತಿಯ ಖರ್ಚಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಳಿದ ತೂಕವೂ ಒಂದೇ, ಎರಡರಲ್ಲೂ ಮೂರು ಕಿಲೋಗಿಂತ ಸ್ವಲ್ಪ ಜಾಸ್ತಿ. ಹಸಿವು ಮಾತ್ರ ಬೆಳಿಗ್ಗೆ ಜಾಸ್ತಿ ತಿಂದ ವಾರಗಳಲ್ಲಿ ಕಡಿಮೆ ಇತ್ತು. ಅಲ್ಲಿ ಊಟವನ್ನೆಲ್ಲ ಅಳೆದು ಕೊಟ್ಟಿದ್ದರು, ಬೇರೆ ಏನೂ ತಿನ್ನುವ ಹಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಯಾರು ಅಳೆದು ಕೊಡುತ್ತಾರೆ? ಓಣಿಯ ತುದಿಯಲ್ಲಿ ಬಂಡಿ ಇರುತ್ತದೆ. ಹಸಿವು ಕಡಿಮೆ ಇದ್ದವರು ಬಂಡಿ ದಾಟಿ ಮನೆಗೆ ಬರುತ್ತಾರೆ.

ಪ್ರೋಟೀನ್‌ದೇ ಬೇರೆ ಪುರಾವೆ ಬೇಕು ಅಂದರೆ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ್ದು ಇದೆ, 2013ರದು. ಬೆಳಗಿನ ತಿಂಡಿ ಬಿಡುತ್ತಿದ್ದ, ತೂಕ ಹೆಚ್ಚಿದ್ದ 20 ಹುಡುಗಿಯರು. 350 ಕ್ಯಾಲೊರಿಯದೇ ತಿಂಡಿ, ಒಂದರಲ್ಲಿ 13 ಗ್ರಾಂ ಪ್ರೋಟೀನ್, ಇನ್ನೊಂದರಲ್ಲಿ 35. ಎಣ್ಣೆ ಕೊಬ್ಬಿನ ಸಂಜೆ ತಿನಿಸು ಕಡಿಮೆಯಾದದ್ದು 35 ಗ್ರಾಂ ತಿಂದಾಗ. ಚಿಕ್ಕ ಅಧ್ಯಯನ, ವಯಸ್ಸೂ ಬೇರೆ. ಆದರೆ ಬೆಳಗಿನ ತಟ್ಟೆಗೂ ಸಂಜೆಯ ಕೈಗೂ ನಂಟು ಇದೆ ಅನ್ನುವುದು ನನ್ನ ಹತ್ತಿರ ಬರುವವರಲ್ಲೂ ಮತ್ತೆ ಮತ್ತೆ ಕಾಣುತ್ತದೆ.

ಸ್ನಾಯುವಿನದು ಇನ್ನೊಂದು ಕಥೆ. ಮುಟ್ಟು ನಿಲ್ಲುವ ವಯಸ್ಸಿನ ಹೆಣ್ಣುಮಕ್ಕಳ ವಿಷಯದಲ್ಲಿ ಅದನ್ನು ಬಿಡುವ ಹಾಗಿಲ್ಲ. ಟೆಕ್ಸಾಸ್‌ನಲ್ಲಿ 2014ರಲ್ಲಿ ಎಂಟು ಜನರ ಮೇಲೆ ನೋಡಿದಾಗ, ಮೂರೂ ಊಟಕ್ಕೆ 30 ಗ್ರಾಂನಂತೆ ಸಮ ಹಂಚಿದ ದಿನಗಳಲ್ಲಿ ಸ್ನಾಯು ಕಟ್ಟುವ ಕೆಲಸ ಸುಮಾರು 25 ಶೇಕಡ ಜಾಸ್ತಿ ಇತ್ತು, ರಾತ್ರಿಗೇ ಸುರಿದ ದಿನಗಳಿಗೆ ಹೋಲಿಸಿದರೆ. ಇದನ್ನು ಓದಿ ‘ಒಂದು ಸಲಕ್ಕೆ 30 ಗ್ರಾಂ ಮೇಲೆ ತಿಂದರೆ ವೇಸ್ಟ್’ ಅಂತ ಹೇಳುವವರಿದ್ದಾರೆ. ಅದು ತಪ್ಪು. ನೆದರ್ಲೆಂಡಿನ ಮಾಸ್ಟ್ರಿಕ್ಟ್‌ನವರು 2023ರಲ್ಲಿ ಒಂದೇ ಸಲಕ್ಕೆ 100 ಗ್ರಾಂ ಕೊಟ್ಟು ನೋಡಿದರು. ದೇಹ ಅದನ್ನು ಗಂಟೆಗಟ್ಟಲೆ ಹೊತ್ತು ನಿಧಾನವಾಗಿ ಬಳಸಿಕೊಂಡಿತು. ಟೀಚರ್‌ಗೂ ಅದನ್ನೇ ಹೇಳಿದೆ. ನಿಮ್ಮ ರಾತ್ರಿಯ ಬೇಳೆ ಹಾಳಾಗಿಲ್ಲ. ಅದು ಬೇಕಾದ ಹೊತ್ತಿಗೆ ನಿಮ್ಮ ಜೊತೆ ಇರಲಿಲ್ಲ, ಅಷ್ಟೇ.

ನನ್ನ ಮೊದಲ ಸಲಹೆ ಸೋತದ್ದು

ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, ಮಧ್ಯಾಹ್ನ ಮೊಳಕೆ ಹೆಸರುಕಾಳು. ಹೀಗೆ ಬರೆದು ಕಳಿಸಿದೆ. ಒಂದು ವಾರಕ್ಕೆ ವಾಪಸ್ ಬಂದರು, ಮುಖದಲ್ಲಿ ಬೇಸರ. ಮನೆಯಲ್ಲಿ ಸೋಮವಾರ, ಗುರುವಾರ, ಶನಿವಾರ ಮೊಟ್ಟೆ ಮುಟ್ಟುವುದಿಲ್ಲ. ಉಳಿದ ದಿನವೂ ಅದಕ್ಕೆ ಬೇರೆ ಪಾತ್ರೆ, ಆಮೇಲೆ ತಿಕ್ಕಿ ಬೇರೆ ಇಡಬೇಕು. ವಾರದಲ್ಲಿ ಆದದ್ದು ಎರಡೇ ದಿನ. ಹಸಿ ಮೊಳಕೆಕಾಳು ತಿಂದು ಹೊಟ್ಟೆ ಉಬ್ಬರಿಸಿ, ಮೂರನೇ ಪೀರಿಯಡ್‌ನಲ್ಲಿ ನಿಂತು ಪಾಠ ಮಾಡಲು ಆಗಲಿಲ್ಲವಂತೆ.

ತಪ್ಪು ನನ್ನದು. ಅವರ ಹೊಟ್ಟೆಯ ಲೆಕ್ಕ ಕೇಳಿದ್ದೆ, ಅವರ ಒಲೆಯ ಲೆಕ್ಕ ಕೇಳಿರಲಿಲ್ಲ. ಬೆಳಿಗ್ಗೆ ಐದೂವರೆಯಿಂದ ಎಂಟೂಕಾಲರವರೆಗೆ ಏನೇನು ಆಗುತ್ತದೆ, ಒಂದೂ ಬಿಡದೆ ಹೇಳಿ ಅಂದೆ. ಎರಡು ಬರ್ನರ್‌ನ ಗ್ಯಾಸ್. ಒಂದರ ಮೇಲೆ ಮೊದಲು ಹಾಲು, ಆಮೇಲೆ ಚಹಾ, ಆಮೇಲೆ ಡಬ್ಬಿಗೆ ಅನ್ನದ ಕುಕ್ಕರ್. ಇನ್ನೊಂದರ ಮೇಲೆ ಒಗ್ಗರಣೆ. ನಲ್ಲಿ ನೀರು ಬಂದ ದಿನ ಅದಕ್ಕೊಂದು ಗಂಟೆ. ಮಂಡಕ್ಕಿ ತೋಯಿಸಿ ಹಿಂಡಿ ಒಗ್ಗರಣೆ ಹಾಕಿದರೆ ನಾಲ್ಕು ಜನರ ತಿಂಡಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬೇಳೆಗೆ ಆ ಹೊತ್ತಿನಲ್ಲಿ ಒಲೆಯೇ ಖಾಲಿ ಇಲ್ಲ. ಗಂಡ ಅಂಗಡಿ ಮುಚ್ಚಿ ಬರುವುದು ರಾತ್ರಿ ಒಂಬತ್ತಕ್ಕೆ. ಆಗ ಎಲ್ಲರೂ ಸೇರುತ್ತಾರೆ, ಒಲೆಯೂ ಬಿಡುವಾಗಿರುತ್ತದೆ, ನಿಜವಾದ ಅಡುಗೆ ಆಗುತ್ತದೆ. ದುಡಿಯುವ ಹೆಣ್ಣುಮಕ್ಕಳ ಎಷ್ಟೋ ಮನೆಗಳಲ್ಲಿ ಪ್ರೋಟೀನ್ ರಾತ್ರಿಗೆ ಸರಿದಿರುವುದು ಹೀಗೆ. ಯಾರೂ ಬೇಕು ಅಂತ ಸರಿಸಿದ್ದಲ್ಲ.

ಮೂರನೇ ಭೇಟಿಗೆ ಅತ್ತೆಯೂ ಬಂದರು. ಮೊಣಕಾಲು ನೋವಿಗೆ ಡಾಕ್ಟರಿಗೆ ತೋರಿಸಿ ಹಾಗೇ ಸೊಸೆಯ ಜೊತೆ ಬಂದಿದ್ದರು. ವಯಸ್ಸು 72. ತವರು ಸಿಂಧನೂರು ಕಡೆಯ ಹಳ್ಳಿ. ನಮ್ಮ ಮಾತನ್ನೆಲ್ಲ ಸುಮ್ಮನೆ ಕೂತು ಕೇಳಿ, ಕೊನೆಗೆ ಸೊಸೆಗೆ ಅಂದರು: “ನಾವು ಹೊಲಕ್ಕ ಹೋಗಾಗ ಮುಂಜಾನೆದ್ದು ಮಂಡಾಳ ತಿಂದು ಹೋಗ್ತಿದ್ವೇನವಾ? ರೊಟ್ಟಿ, ಕಾಳಪಲ್ಯ, ಹಿಂಡಿ, ಮಸರು ಬುತ್ತಿ ಕಟಗೊಂಡು ಹೋಗ್ತಿದ್ವಿ. ಹತ್ತಕ್ಕ ಉಂಡ್ರ ಹೊತ್ತು ಮುಳಗೋತನ ನಡೀತಿತ್ತು.”

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು, ಮಾನ್ವಿ ಕಡೆಯ ಎರೆ ಹೊಲಗಳು ಗದ್ದೆಯಾದವು. ಜೋಳ, ಕಡಲೆ ಬೆಳೆಯುತ್ತಿದ್ದ ನೆಲದಲ್ಲಿ ಸೋನಾ ಮಸೂರಿ ಬಂತು. ಮನೆಮನೆಗೆ ಅಕ್ಕಿ ಬಂತು. ಅದು ಒಳ್ಳೆಯದೇ ಆಯಿತು, ಹಸಿದು ಮಲಗುವ ದಿನ ಕಡಿಮೆಯಾದವು. ಆದರೆ ಬೆಳಗಿನ ರೊಟ್ಟಿ, ಕಾಳಿನ ಜಾಗಕ್ಕೆ ಮಂಡಕ್ಕಿ, ಚಿತ್ರಾನ್ನ ಬಂದದ್ದನ್ನು ಯಾರೂ ಗಮನಿಸಲಿಲ್ಲ.

“ಜುಣಕಕ್ಕ ಎಷ್ಟೊತ್ತು ಬೇಕು? ಒಗ್ಗರಣಿ ಆಗೂದ್ರಾಗ ಜುಣಕಾ ಆಗ್ತದ. ನಾ ಮಾಡ್ತೀನಿ ಬಿಡು” ಅಂದರು ಅತ್ತೆ. ಅಲ್ಲಿಗೆ ನನ್ನ ಕೆಲಸ ಹಗುರವಾಯಿತು.

ಹೊಸ ಏರ್ಪಾಡು ಹೀಗೆ ನಿಂತಿತು. ಭಾನುವಾರ ಒಂದೇ ಸಲ ಖಡಕ್ ರೊಟ್ಟಿ ಮಾಡಿಟ್ಟರೆ ವಾರ ಪೂರ್ತಿ ಬರುತ್ತದೆ, ಬೆಳಿಗ್ಗೆ ಹಂಚು ಇಡುವ ಕೆಲಸ ಇಲ್ಲ. ಒಂದು ರೊಟ್ಟಿ, 40 ಗ್ರಾಂ ಕಡಲೆ ಹಿಟ್ಟಿನ ಜುಣಕ, ಒಂದು ಬಟ್ಟಲು ಮೊಸರು, ಚಹಾ. ಸುಮಾರು 20 ಗ್ರಾಂ ಪ್ರೋಟೀನ್. ಆ ಮೊಸರು ಎಲ್ಲಿಂದ ಬಂತು ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಮಲಗುವ ಮುಂಚೆ ಕುಡಿಯುತ್ತಿದ್ದ ಲೋಟ ಹಾಲಿಗೆ ಟೀಚರ್ ಹೆಪ್ಪು ಹಾಕತೊಡಗಿದರು. ಅದೇ ಹಾಲು, ಅದೇ ಪ್ರೋಟೀನ್, ಒಂಬತ್ತು ಗಂಟೆ ತಡವಾಗಿ ಬೆಳಗಿನ ತಟ್ಟೆಗೆ ಬಂತು. ಒಂದು ರೂಪಾಯಿ ಖರ್ಚಿಲ್ಲ.

ಮಧ್ಯಾಹ್ನಕ್ಕೆ ಮಡಿಕೆ ಕಾಳು, ಅಲಸಂದಿ ಇಲ್ಲವೇ ಹೆಸರು. ಸಂಜೆ ಬಂದ ತಕ್ಷಣ ನೆನೆಹಾಕಿ, ರಾತ್ರಿ ಕುಕ್ಕರ್ ಹೇಗೂ ಇಡುತ್ತಾರಲ್ಲ, ಅದರಲ್ಲೇ ಮೇಲಿನ ಡಬ್ಬಿಯಲ್ಲಿ ಬೇಯಿಸಿ ಫ್ರಿಜ್‌ಗೆ. ಬೆಳಿಗ್ಗೆ ಬರೀ ಒಗ್ಗರಣೆ. ಬೆಂದ ಕಾಳು ಹೊಟ್ಟೆ ಉಬ್ಬರಿಸಲಿಲ್ಲ. ಡಬ್ಬಿಯಲ್ಲಿ ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ಮೊದಲಿಗಿಂತ ಕಡಿಮೆ ಅನ್ನ. ಇದೂ 20 ಗ್ರಾಂ.

ಡಬ್ಬಿಯಲ್ಲಿ ಒಂದು ಕ್ರಮವನ್ನೂ ಹೇಳಿದೆ. ಮೊದಲು ಪಲ್ಯ, ಮೊಸರು, ಕೊನೆಗೆ ಅನ್ನ. ನ್ಯೂಯಾರ್ಕಿನ ವೈಲ್ ಕಾರ್ನೆಲ್‌ನಲ್ಲಿ 2015ರಲ್ಲಿ ಟೈಪ್ 2 ಡಯಾಬಿಟಿಸ್ ಇದ್ದ 11 ಜನರಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟು ನೋಡಿದ್ದರು. ತರಕಾರಿ, ಪ್ರೋಟೀನ್ ಮೊದಲು ತಿಂದು ಪಿಷ್ಟ ಕೊನೆಗೆ ತಿಂದ ದಿನ, ಒಂದು ಗಂಟೆಯ ನಂತರದ ಶುಗರ್ ಸುಮಾರು 37 ಶೇಕಡ ಕಡಿಮೆ ಇತ್ತು. ಅನ್ನ ಸಾರು ಕಲಸಿ ಉಣ್ಣುವ ನಮಗೆ ಇದು ಪೂರ್ತಿ ಹೊಂದುವುದಿಲ್ಲ. ಅರ್ಧ ಪಲ್ಯವನ್ನಾದರೂ ಮೊದಲು ತಿನ್ನಿ ಅಂದೆ.

ಬೆಳಗಿನ ಕಾಳಿಗೆ ಇನ್ನೊಂದು ಗುಣ ಇದೆ. ಯಾವ ಆಹಾರ ಶುಗರ್ ಎಷ್ಟು ಏರಿಸುತ್ತದೆ ಅಂತ ಹೇಳುವ ಗ್ಲೈಸಿಮಿಕ್ ಇಂಡೆಕ್ಸ್ ಅಳತೆಯನ್ನು 1981ರಲ್ಲಿ ತಂದ ಸಂಶೋಧಕ ಡೇವಿಡ್ ಜೆಂಕಿನ್ಸ್, ಮರುವರ್ಷವೇ ಬೆಳಿಗ್ಗೆ ಮಸೂರ ಬೇಳೆ ತಿಂದವರನ್ನು ಮಧ್ಯಾಹ್ನದ ಊಟದ ಮೇಲೂ ಪರೀಕ್ಷಿಸಿದರು. ಮಧ್ಯಾಹ್ನ ಎಲ್ಲರೂ ಒಂದೇ ಊಟ ಉಂಡರೂ, ಬೆಳಿಗ್ಗೆ ಬೇಳೆ ತಿಂದಿದ್ದ ದಿನ ಶುಗರ್ ಕಡಿಮೆ ಏರಿತು. ಒಂದು ಹೊತ್ತಿನ ಬೇಳೆ ಮುಂದಿನ ಹೊತ್ತಿಗೂ ಕೆಲಸ ಮಾಡುತ್ತದೆ. ಇದರಲ್ಲಿ ಪ್ರೋಟೀನ್‌ಗಿಂತ ನಾರು ಮತ್ತು ನಿಧಾನವಾಗಿ ಅರಗುವ ಪಿಷ್ಟದ ಪಾಲು ದೊಡ್ಡದು. ಕಡಲೆ ಹಿಟ್ಟು, ಕಾಳಿನಲ್ಲಿ ಮೂರೂ ಜೊತೆಗೇ ಬರುತ್ತವೆ.

ಸಂಜೆಯದು ಒಂದೇ ಬದಲಾವಣೆ. 4:20ಕ್ಕೆ ಶಾಲೆ ಬಿಟ್ಟ ತಕ್ಷಣ, ಬಸ್ಸಿಗೆ ಕಾಯುವಾಗ, ಒಂದು ಹಿಡಿ ಪುಟಾಣಿ, ಶೇಂಗಾ. 30 ಗ್ರಾಂ, ಅದರಲ್ಲಿ 7 ಗ್ರಾಂ ಪ್ರೋಟೀನ್. ಮನೆಗೆ ಬಂದು ತಿನ್ನಿ ಅಂದಿದ್ದರೆ ಆಗುತ್ತಿರಲಿಲ್ಲ. ಬಂಡಿ ಬರುವುದು ಮನೆಗಿಂತ ಮೊದಲು. ರಾತ್ರಿ ಒಂದು ರೊಟ್ಟಿ, ಬೇಳೆ ಹಾಕಿದ ಪುಂಡಿಪಲ್ಯ, ಸ್ವಲ್ಪ ಅನ್ನ, ಮಜ್ಜಿಗೆ, ಒಟ್ಟು 16 ಗ್ರಾಂ. ಗಂಡ, ಮಗನ ಜೊತೆ ಕೂರುವುದನ್ನು ತಪ್ಪಿಸಲಿಲ್ಲ. ಆ ಊಟ ಆ ಮನೆಗೆ ಬೇಕು.

ದಿನಕ್ಕೆ 63 ಗ್ರಾಂ ಆಯಿತು. ಮೊದಲಿಗಿಂತ ಐದು ಮಾತ್ರ ಜಾಸ್ತಿ.

ನೋಟ್‌ಬುಕ್ ಏನು ಹೇಳಿತು

ಮೊದಲ ನಾಲ್ಕು ದಿನ ಏನೂ ಬದಲಾಗಲಿಲ್ಲ. ಐದನೇ ದಿನದ ಪುಟದಲ್ಲಿ 5:40ರ ಎದುರು ಕೆಂಪಿನಲ್ಲಿ 6. ಎರಡನೇ ವಾರದ ಕೊನೆಗೆ 4, 5ರಲ್ಲಿ ನಿಂತಿತು. ವಾರಕ್ಕೆ ಐದು ದಿನ ಇದ್ದ ಭಜ್ಜಿ ಎರಡಕ್ಕೆ ಇಳಿಯಿತು. ಬೇಡ ಅಂತ ನಾನು ಹೇಳಿರಲಿಲ್ಲ. “ಬಂಡಿ ಮುಂದ ಬಂದೆ, ನೆನಪಾತು, ಆದ್ರ ಕಾಲು ನಿಲ್ಲಲಿಲ್ರಿ” ಅಂದರು. ಮೊದಲ ದಿನ ಮಾತು ಕೇಳದ ಕೈಯ ಬಗ್ಗೆ ಹೇಳಿದವರು ಇವರೇ.

ಶ್ರಾವಣ ಬಂತು. ಸೋಮವಾರ ಉಪವಾಸ, ಬೆಳಿಗ್ಗೆ ಬರೀ ಹಣ್ಣು, ಚಹಾ, ಮಧ್ಯಾಹ್ನ ಸಾಬುದಾನಿ. ಸಾಬುದಾನಿಯಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬೇಕು. ಮೊದಲ ಎರಡು ಸೋಮವಾರ ಕೆಂಪು ಪೆನ್ನು ಮತ್ತೆ 9 ಬರೆಯಿತು, ಮಂಗಳವಾರ 5ಕ್ಕೆ ಇಳಿಯಿತು. ಉಪವಾಸದ ದಿನ ಊಟವೇ ಕಡಿಮೆ, ಹಾಗಾಗಿ ಪೂರ್ತಿ ಪ್ರೋಟೀನ್ ಮೇಲೆ ಹಾಕಲಾಗದು. ಮೂರನೇ ಸೋಮವಾರ ಸಾಬುದಾನಿಗೆ ಎರಡು ಹಿಡಿ ಶೇಂಗಾ ಹುರಿದು ಪುಡಿ ಮಾಡಿ ಹಾಕಿದರು, ಬೆಳಿಗ್ಗೆ ಒಂದು ಬಟ್ಟಲು ಮೊಸರು ಸೇರಿಸಿದರು. ಎರಡೂ ಅವರ ಉಪವಾಸಕ್ಕೆ ನಡೆಯುತ್ತದೆ. ಆ ಸಂಜೆ 6.

ಹನ್ನೆರಡು ವಾರಕ್ಕೆ ತೂಕ 68.4 ಕಿಲೋ, ಸೊಂಟ 90 ಸೆಂಟಿಮೀಟರ್, ಎಚ್‌ಬಿಎ1ಸಿ 5.8. ಬಹಳ ದೊಡ್ಡ ಇಳಿತ ಅಲ್ಲ. ಇದರಲ್ಲಿ ಯಾವುದಕ್ಕೆ ಎಷ್ಟು ಪಾಲು? ಭಜ್ಜಿಯ ಎಣ್ಣೆ ಕಡಿಮೆಯಾಯಿತು. ಅನ್ನ ಕಡಿಮೆಯಾಯಿತು. ಪ್ರೋಟೀನ್ ಐದು ಗ್ರಾಂ ಏರಿತು. ಆಗಸ್ಟ್‌ನಿಂದ ಬಸ್ ನಿಲ್ದಾಣದಿಂದ ಮನೆಗೆ ಆಟೋ ಬಿಟ್ಟು ನಡೆದು ಬರತೊಡಗಿದ್ದರು. ಒಬ್ಬರ ಪ್ರಕರಣದಲ್ಲಿ ಇವನ್ನು ಬಿಡಿಸಿ ತೂಗಲು ಬರುವುದಿಲ್ಲ. ನನ್ನ ಅಂದಾಜು ಇದು: ಪ್ರೋಟೀನ್ ಹೊತ್ತು ಬದಲಿಸಿದ್ದು ತೂಕವನ್ನು ನೇರವಾಗಿ ಇಳಿಸಲಿಲ್ಲ. ಅದು ಸಂಜೆಯ ಹಸಿವನ್ನು ಇಳಿಸಿತು, ಉಳಿದದ್ದು ಅದರ ಹಿಂದೆ ಬಂತು. ನಡಿಗೆ ಕೂಡ. ಹೊಟ್ಟೆಯಲ್ಲಿ ಬೆಂಕಿ ಹತ್ತಿದವರು ಒಂದೂವರೆ ಕಿಲೋಮೀಟರ್ ನಡೆಯಲು ಯೋಚಿಸುವುದೂ ಇಲ್ಲ.

ಇದನ್ನು ಓದಿ ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನ ಇಳಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಔಷಧಿ ಅಷ್ಟೇ ಇದ್ದು ಊಟ ಬದಲಾದರೆ ಶುಗರ್ ತೀರಾ ಇಳಿದುಬಿಡಬಹುದು. ಕಿಡ್ನಿ ತೊಂದರೆ ಇದ್ದವರಿಗೆ ಪ್ರೋಟೀನ್ ಲೆಕ್ಕವೇ ಬೇರೆ.

ಸೆಪ್ಟೆಂಬರ್‌ನ ಕೊನೆಯ ಭೇಟಿಗೂ ಅತ್ತೆ ಬಂದಿದ್ದರು. ಈ ಸಲ ಮಾತಾಡಿದ್ದು ಅವರ ಊಟದ ಬಗ್ಗೆ. ಕೂತಲ್ಲಿಂದ ಏಳಲು ಎರಡೂ ಕೈ ಊರಬೇಕಾಗಿತ್ತು. ವಯಸ್ಸಾದ ಮೇಲೆ ಸ್ನಾಯು ಸ್ವಲ್ಪ ಪ್ರೋಟೀನ್‌ಗೆ ಮಿಸುಕುವುದಿಲ್ಲ. ಚಿಕ್ಕವರಿಗೆ ಒಂದು ಊಟಕ್ಕೆ ಕಿಲೋಗೆ 0.24 ಗ್ರಾಂ ಸಾಕಾದರೆ, ಎಪ್ಪತ್ತು ದಾಟಿದವರಿಗೆ 0.4 ಬೇಕು ಅಂತ 2015ರ ಒಂದು ಲೆಕ್ಕ ಹೇಳುತ್ತದೆ. 50 ಕಿಲೋ ತೂಕದ ಇವರಿಗೆ ಅದು ಒಂದು ಊಟಕ್ಕೆ 20 ಗ್ರಾಂ. ಎಲ್ಲರಿಗೂ ಜುಣಕ ಮಾಡಿ ಬಡಿಸುವ ಇವರು ಏನು ತಿನ್ನುತ್ತಾರೆ ಅಂತ ನಾನೂ ಕೇಳಿರಲಿಲ್ಲ, ಸೊಸೆಯೂ ನೋಡಿರಲಿಲ್ಲ. ಟೀಚರ್ ಅದೇ ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು ಗೆರೆ ಹೊಡೆದರು. ಅತ್ತೆ ಹೇಳಿದರು, ಸೊಸೆ ಬರೆದರು.

“ಮುಂಜಾನೆ ಆರಕ್ಕ ಚಹಾ. ಹತ್ತಕ್ಕ ಚಹಾ, ಎರಡು ಟೋಸ್ಟ್. ಮಧ್ಯಾಹ್ನ ತುಸು ಅನ್ನ, ಮಜ್ಜಿಗಿ. ಸಂಜಿ ಚಹಾ.”

ಕ್ರಿಯಾಟಿನಿನ್ ಪರೀಕ್ಷೆಗೆ ಚೀಟಿ ಬರೆದುಕೊಟ್ಟೆ. ಮುಂದಿನ ವಾರ ರಿಪೋರ್ಟ್ ಜೊತೆ ಬರುತ್ತಾರೆ ಅಂತ ಹೇಳಿ ಇಬ್ಬರೂ ಎದ್ದರು.